ಟೋಪಿಗೌಡನ ದನಿ

ಆ ವರ್ಷ ನಮ್ಮ ಮನೆಯಲ್ಲಿ ಮಾತಾಡುತ್ತಿದ್ದವನು ನಾನೊಬ್ಬನೇ. ಅದೂ ನನ್ನ ದನಿಯಲ್ಲಲ್ಲ. ಅಪ್ಪನ ಹಾಗೆ ಕೆಮ್ಮುತ್ತಿದ್ದೆ, ಅಮ್ಮನ ಹಾಗೆ ಫ್ರಿಜ್ಜಿನ ಬಾಗಿಲು ತೆರೆದು ನಿಟ್ಟುಸಿರು ಬಿಡುತ್ತಿದ್ದೆ, ಭಾನುವಾರದ ಕನ್ನಡ ತರಗತಿಯ ಮೇಷ್ಟ್ರ ಹಾಗೆ ಮೂಗಿನಿಂದ ಒತ್ತಕ್ಷರ ಹೇಳುತ್ತಿದ್ದೆ. ಯಾರನ್ನೂ ಬಿಡುತ್ತಿರಲಿಲ್ಲ. ಹದಿನಾಲ್ಕು ತುಂಬಿ ಗಂಟಲು ಒಡೆದಿತ್ತು. ಬೆಳಿಗ್ಗೆ ಒಂದು ದನಿ, ಸಂಜೆ ಇನ್ನೊಂದು. ನನ್ನದು ಎನ್ನುವ ದನಿ ಯಾವುದು ಎಂದು ಕೇಳಿದ್ದರೆ ತಡಬಡಾಯಿಸುತ್ತಿದ್ದೆನೇನೋ. ಪುಣ್ಯಕ್ಕೆ ಯಾರೂ ಕೇಳಲಿಲ್ಲ. ಕ್ಯಾಂಪ್‌ಬೆಲ್‌ನ ಬಾಡಿಗೆ ಮನೆ ಅದು, ಅಮೆರಿಕದಲ್ಲಿ. ಒಂದೇ ಅಂತಸ್ತು, ತಿಳಿ ಕಾಫಿ ಬಣ್ಣದ ಕಾರ್ಪೆಟ್ಟು, ಊಟಕ್ಕಿಂತ ಹೆಚ್ಚಾಗಿ ಅಪ್ಪನ ಮೀಟಿಂಗುಗಳಿಗೆ ಬಳಕೆಯಾಗುತ್ತಿದ್ದ ಡೈನಿಂಗ್ ಟೇಬಲ್ಲು. ಅಮ್ಮ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದಳು; ಅವಳು ಬರುವಾಗ ಅಪ್ಪ ಹೊರಡುತ್ತಿದ್ದ. ಗ್ಯಾರೇಜಿನಲ್ಲಿ ಕಾರಿನ ಬದಲು ಅಪ್ಪನ ತಮ್ಮ ಸತೀಶ ಚಿಕ್ಕಪ್ಪ ಇದ್ದ. ನೀರಿನ ಹೀಟರಿನ ಪಕ್ಕ ಮಂಚ, ಮಂಚದ ಪಕ್ಕ ಇಸ್ತ್ರಿ ಪೆಟ್ಟಿಗೆ. ಹತ್ತಿರದ ನೆವಾರ್ಕ್‌ನಲ್ಲಿ ಕಾರುಗಳ ಬ್ರೇಕು ಪರೀಕ್ಷಿಸುವುದು ಅವನ ಕೆಲಸ. ಅವನ ಮಾತೂ ಬ್ರೇಕು ಹಾಕಿಕೊಂಡೇ ಬರುತ್ತಿತ್ತು ಎಂದು ನಾನು ಹೇಳಿದರೆ ಅವನು ನಗುತ್ತಿದ್ದ, ಸದ್ದಿಲ್ಲದೆ.

ಅಜ್ಜ ತೀರಿಕೊಂಡ ಮೇಲೆ ಅಪ್ಪ ಮಂಡ್ಯದ ಹತ್ತಿರದ ಊರಿನಿಂದ ಅಜ್ಜಿಯನ್ನು ಕರೆದುಕೊಂಡು ಬಂದ. ಅಜ್ಜಿ ಸೋಫಾದ ಮೂಲೆಯಲ್ಲಿ ಕೂತವಳು ತಿಂಗಳುಗಟ್ಟಲೆ ಅಲ್ಲೇ ಇದ್ದಳು. ಅಳಲಿಲ್ಲ. ತಟ್ಟೆ ಕೊಟ್ಟರೆ ಉಣ್ಣುತ್ತಿದ್ದಳು, ತೆಗೆದುಕೊಂಡರೆ ಕೊಡುತ್ತಿದ್ದಳು. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಇರುತ್ತದಲ್ಲ, ಇದೆ ಎಂದು ಗೊತ್ತು, ಆದರೆ ತನ್ನದಲ್ಲ, ಮನೆಯಿಡೀ ಹಾಗಾಗಿತ್ತು. ಯಾರೂ ಜಗಳವಾಡುತ್ತಿರಲಿಲ್ಲ. ಅಪ್ಪ ಅಮ್ಮ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿ ಸಂಸಾರ ಮಾಡುತ್ತಿದ್ದರು. ಹಾಲು ಇಲ್ಲ. ಗಾರ್ಬೇಜು ಬುಧವಾರ. ಅಂಥ ಮನೆಗೆ ನಾನು ಲೈಬ್ರರಿಯವರು ಮಾರುತ್ತಿದ್ದ ಹಳೆಯ ಡಿವಿಡಿಗಳ ರಾಶಿಯಿಂದ ಒಂದು ಸಿನಿಮಾ ಕೊಂಡು ತಂದೆ. ಕುದುರೆ, ಧೂಳು, ಟೋಪಿ. ಬಣ್ಣಗಳು ಮಿಠಾಯಿ ಅಂಗಡಿಯಂತೆ. ಅಜ್ಜ ಹುಡುಗನಾಗಿದ್ದ ಕಾಲದ್ದು. ಒಬ್ಬ ಉದ್ದನೆಯ ಗಂಡಸು ದನ ಹೊಡೆದುಕೊಂಡು ಒಂದು ಪುಟ್ಟ ಊರಿಗೆ ಬರುತ್ತಾನೆ. ಅಲ್ಲಿ ಊಟದ ಹೋಟೆಲು ನಡೆಸುವ ಹೆಂಗಸು, ಅವಳಿಗೆ ಬಂದೂಕೂ ಸೌಟೂ ಒಂದೇ. ಒಂದೂವರೆ ಗಂಟೆ ಅವಳು ಅವನನ್ನು ಬಯ್ಯುತ್ತಾಳೆ, ಅವನು ಕುದುರೆಗೆ ನೀರಿಡುವ ತೊಟ್ಟಿಯೊಳಗೆ ಮೂರು ಸಲ ಬೀಳುತ್ತಾನೆ, ಕೋಳಿಗೆ ಹೆದರುವ ದರೋಡೆಕೋರನೊಬ್ಬ ಬಂದು ಹೋಗುತ್ತಾನೆ, ಕೊನೆಗೆ ಓಡುವ ಗಾಡಿಯ ಮೇಲೆ ಇಬ್ಬರ ಮದುವೆ. ಗುಂಡು ಹಾರುತ್ತದೆ, ಯಾರೂ ಸಾಯುವುದಿಲ್ಲ. ಅದಕ್ಕೇ ತಂದಿದ್ದೆನೇನೋ.

ಅಜ್ಜಿಗೆ ಇಂಗ್ಲಿಷ್ ಬರದು. ನಾನು ಟಿವಿಯ ದನಿ ಇಳಿಸಿ, ಸೋಫಾದ ಕೈ ಮೇಲೆ ಕೂತು, ಪರದೆಯ ಮೇಲೆ ಬಾಯಿ ಅಲ್ಲಾಡಿದಾಗಲೆಲ್ಲ ಕನ್ನಡ ತುಂಬತೊಡಗಿದೆ. ಹೋಟೆಲಿನವಳಿಗೆ ಅಜ್ಜಿಯ ದನಿಯನ್ನೇ ಕೊಟ್ಟೆ. ಊರಿನ ಜಡ್ಜಿಗೆ ಕನ್ನಡ ಮೇಷ್ಟ್ರ ಮೂಗು. ತೊಂದರೆ ಬಂದದ್ದು ನಾಯಕನಿಂದ. ಆ ಮನುಷ್ಯ ಮಾತೇ ಆಡುತ್ತಿರಲಿಲ್ಲ. ಇಡೀ ಸಿನಿಮಾದಲ್ಲಿ 'ಹೌದು ಮೇಡಂ', 'ಇಲ್ಲ ಮೇಡಂ' ಬಿಟ್ಟರೆ ಹತ್ತು ಸಾಲಿರಲಿಲ್ಲ. ಸುಮ್ಮನೆ ನಿಂತು ಟೋಪಿ ತಿರುಗಿಸುತ್ತಿದ್ದ. ಅಜ್ಜಿ ಮುಂದೆ ಅಷ್ಟು ಹೊತ್ತು ಸುಮ್ಮನಿರುವುದು ನನ್ನಿಂದ ಆಗುವ ಕೆಲಸವಲ್ಲ. ಅವನು ಬೆನ್ನು ತಿರುಗಿಸಿದಾಗ, ಟೋಪಿ ಬಾಯಿಗೆ ಅಡ್ಡ ಬಂದಾಗ, ದೂರದಲ್ಲಿ ಕುದುರೆ ಮೇಲಿದ್ದಾಗ, ಎಲ್ಲ ಸಂದುಗಳಲ್ಲೂ ಮಾತು ತುರುಕಿದೆ. ದನಿ ಚಿಕ್ಕಪ್ಪನದು. ಒಡೆದ ನನ್ನ ಗಂಟಲಿನಿಂದ ಶ್ರಮವಿಲ್ಲದೆ ಬರುತ್ತಿದ್ದುದು ಅದೊಂದೇ. ಫೋನು ಎತ್ತಿದರೆ ಊರಿನವರು ನನ್ನನ್ನೇ 'ಸತೀಶಾ' ಎನ್ನುತ್ತಿದ್ದರು. ಮೊದಲ ಸಲ ತೊಟ್ಟಿಯಲ್ಲಿ ಬಿದ್ದು, ಟೋಪಿಯಿಂದ ನೀರು ಸುರಿಯುತ್ತಾ ಎದ್ದ ಆ ಗಂಡಸಿನ ಬಾಯಲ್ಲಿ ನಾನು ಹೇಳಿಸಿದೆ:

“ಬಿದ್ದಿಲ್ಲ ಕಣ್ರೀ. ನೀರು ಎಷ್ಟಾಳ ಐತೆ ಅಂತ ನೋಡ್ದೆ.”

ಸೋಫಾದ ಮೂಲೆಯಿಂದ ಒಂದು ಸದ್ದು ಬಂತು. ಕೆಮ್ಮು ಎಂದುಕೊಂಡೆ. ಅಜ್ಜಿ ನಗುತ್ತಿದ್ದಳು.

“ಇನ್ನೊಂದ್ ಸಲ ಬೀಳ್ಸ್ಲಾ ಅವನ್ನ,” ಎಂದಳು. ನಾಲ್ಕು ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು.

ಅಲ್ಲಿಂದ ಪ್ರತಿ ಶನಿವಾರ ಮಧ್ಯಾಹ್ನ ಮನೆಗೆ ಅದೇ ವ್ರತ. ಮುದ್ದೆ ಅಥವಾ ಅನ್ನ, ತೊಡೆಯ ಮೇಲೆ ತಟ್ಟೆ, ಕುದುರೆ ಸಿನಿಮಾ. ನಾಯಕನಿಗೆ ಅಜ್ಜಿ ಟೋಪಿಗೌಡ ಎಂದು ಹೆಸರಿಟ್ಟಳು. ಆ ಹೆಂಗಸಿನದು ಮಿಲ್ಟ್ರಿ ಹೋಟ್ಲು ಎಂದು ಅವಳೇ ತೀರ್ಮಾನಿಸಿದಳು. ಅಪ್ಪ ಲ್ಯಾಪ್‌ಟಾಪಿನ ಹಿಂದಿನಿಂದ ಒಂದು ಕಣ್ಣಿನಲ್ಲಿ ನೋಡುತ್ತಿದ್ದ. ಅಮ್ಮ ರಜೆಯಿದ್ದರೆ ನೆಲದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಇರುತ್ತಿದ್ದುದು ಆಗ ಮಾತ್ರ. ಚಿಕ್ಕಪ್ಪ ಗ್ಯಾರೇಜಿನ ಬಾಗಿಲಿಗೆ ಒರಗಿ, ಟೋಪಿಗೌಡ ತನ್ನ ದನಿಯಲ್ಲಿ ಜಂಬ ಕೊಚ್ಚುವುದನ್ನು ಬೇರೆ ಯಾರದೋ ಸಂಗತಿ ಎನ್ನುವಂತೆ ಕೇಳುತ್ತಿದ್ದ.

ಆ ಚಳಿಗಾಲದಲ್ಲಿ ಚಿಕ್ಕಪ್ಪ ಮೂರು ವಾರದ ರಜೆ ಹಾಕಿ ಹೋಗಿ ಹಾಸನದಲ್ಲಿ ಹೇಮಾ ಎನ್ನುವವರನ್ನು ನೋಡಿಕೊಂಡು ಬಂದ. ಒಪ್ಪಿಗೆಯಾಯಿತು, ನಿಶ್ಚಿತಾರ್ಥವೂ ಆಯಿತು, ಮದುವೆ ಬೇಸಿಗೆಗೆ. ನಡುವಿನ ತಿಂಗಳುಗಳಲ್ಲಿ ಅಮೆರಿಕದ ಹುಡುಗ ಶನಿವಾರ ಬೆಳಿಗ್ಗೆ, ಮೊದಲೇ ದುಡ್ಡು ಕೊಟ್ಟು ಕೊಂಡ ಕಾಲಿಂಗ್ ಕಾರ್ಡಿನಿಂದ ಫೋನು ಮಾಡಬೇಕು. ಅದು ನಮ್ಮವರಲ್ಲಿ ಆಗ ಅಕ್ಷತೆಯಷ್ಟೇ ಕಡ್ಡಾಯ. ಚಿಕ್ಕಪ್ಪ ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದುಕೊಂಡಿದ್ದ. ಒಂದು, ಊಟ ಆಯ್ತಾ. ಎರಡು, ಅಲ್ಲಿ ಮಳೆ ಹೇಗೆ. ಮೂರನೆಯದು ಖಾಲಿ. ಮೊದಲ ಶನಿವಾರ ಎರಡೂ ಪ್ರಶ್ನೆ ಒಂದೂವರೆ ನಿಮಿಷದಲ್ಲಿ ಮುಗಿದವು. ಅವನ ಕುತ್ತಿಗೆ ಕೆಂಪಾಯಿತು. ಫೋನನ್ನು ನನ್ನ ಕೈಗೆ ಕೊಟ್ಟ.

“ವಸಿ ಹಿಡ್ಕೊ. ನೀರ್ ಕುಡ್ದು ಬತ್ತೀನಿ.”

ಫೋನಿನಲ್ಲಿ ಹೇಮಾ ಅವರು ಏನನ್ನೋ ಹೇಳುತ್ತಲೇ ಇದ್ದರು. ಅವತ್ತು ನಮ್ಮ ಮನೆಗೆ ಬಂದಾಗ ಹೊಸ್ತಿಲು ಎಡವಿ ಬಿದ್ರಲ್ಲ, ಪೆಟ್ಟಾಗಿತ್ತಾ ಎಂದು ಕೇಳಿದರು. ಉತ್ತರ ಕೊಡಬೇಕಾದವನು ಅಡಿಗೆಮನೆಯಲ್ಲಿ ಮೂರನೇ ಲೋಟ ನೀರು ಕುಡಿಯುತ್ತಿದ್ದ. ನನ್ನ ಬಾಯಿ ತಾನಾಗಿ ತೆರೆಯಿತು.

“ಬಿದ್ದಿಲ್ಲ ಕಣ್ರೀ. ನಿಮ್ಮನೆ ನೆಲ ಎಷ್ಟ್ ಗಟ್ಟಿ ಐತೆ ಅಂತ ನೋಡ್ದೆ.”

ಆ ಕಡೆ ನಗು. ಚಿಕ್ಕಪ್ಪ ಬಾಗಿಲಲ್ಲಿ ಬಂದು ನಿಂತ. ಫೋನು ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ, ಪಾರ್ಕಿಂಗ್ ಮಾಡಿಸುವವನ ಹಾಗೆ ಕೈಯಲ್ಲಿ 'ಬಾ, ಇನ್ನೂ ಬಾ' ಎಂದು ಸನ್ನೆ ಮಾಡಿದ. ಮುಂದಿನ ಶನಿವಾರಗಳೆಲ್ಲ ಹಾಗೇ ನಡೆದವು. ಮೊದಲ ಎರಡು ನಿಮಿಷ ಅವನು, ಆಮೇಲೆ ನಾನು. ಅವನು ಮಂಚದ ತುದಿಯಲ್ಲಿ ಕೂತು ಕೇಳುತ್ತಿದ್ದ, ಕಾಲೇಜಿನಲ್ಲಿ ನೋಟ್ಸ್ ತೆಗೆದುಕೊಳ್ಳುವವನ ಹಾಗೆ. ನಾನು ನೆವಾರ್ಕಿನ ಟ್ರಾಫಿಕ್ಕು, ಗ್ರೋಸರಿ ಅಂಗಡಿಯ ಬಾಡಿದ ಕರಿಬೇವು, ಅಣ್ಣನ ಮಗನ ಉಪಟಳ ಎಂದೆಲ್ಲ ಹೊಡೆಯುತ್ತಿದ್ದೆ. ಅಣ್ಣನ ಮಗನನ್ನು ಚೆನ್ನಾಗಿ ಬಯ್ದಿದ್ದೇನೆ. ಆ ಕಪಿಗೆ ಬುದ್ಧಿ ಬರುವ ಲಕ್ಷಣವಿಲ್ಲ ಎಂದು ಎರಡು ಸಲ ಹೇಳಿದ ನೆನಪು. ನನಗೆ ತಪ್ಪು ಎನಿಸಲಿಲ್ಲ. ಸರಿ ಎಂದೂ ಎನಿಸಲಿಲ್ಲ. ಟೋಪಿಗೌಡನಿಗೆ ಮಾತು ತುಂಬಿದ್ದೆ, ಇನ್ನೊಬ್ಬ ಸುಮ್ಮನಿರುವ ಗಂಡಸು ಸಿಕ್ಕಿದ್ದ, ಅಷ್ಟೇ.

ಒಂದು ಶನಿವಾರ ಮಾತ್ರ ಬೇರೆ. ಚಿಕ್ಕಪ್ಪನಿಗೆ ಕೆಲಸ ಬಿದ್ದು ಬೆಳಗಾಗುವ ಮೊದಲೇ ನೆವಾರ್ಕಿಗೆ ಹೋಗಿದ್ದ. ಹೇಮಾ ಅವರ ಮಿಸ್ಡ್ ಕಾಲ್ ಬಂತು. ಚಿಕ್ಕಪ್ಪನ ಮೊಬೈಲಿಗೆ ಮಾಡಿದೆ, ಅವನು ಎತ್ತಲಿಲ್ಲ. ನಾನೇ ಅವರಿಗೆ ತಿರುಗಿ ಮಾಡಿದೆ. ಅವರ ಅಪ್ಪನನ್ನು ಮೈಸೂರಿನಲ್ಲಿ ಹೃದಯದ ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿದ್ದರಂತೆ. ಭಯ ಆಗ್ತಿದೆ ಎಂದರು. ನಾನು ಹಾಸ್ಯ ಹುಡುಕಿದೆ, ಸಿಗಲಿಲ್ಲ. ಚಿಕ್ಕಪ್ಪ ಆಗಿದ್ದರೆ ಏನು ಮಾಡುತ್ತಿದ್ದ ಎಂದು ಮೊದಲ ಸಲ ಯೋಚಿಸಿದೆ.

“ಮಾತಾಡ್ಬೇಡಿ. ಸುಮ್ನೆ ಕೂತಿರಿ. ನಾನ್ ಫೋನ್ ಇಡಲ್ಲ.”

ಇಬ್ಬರೂ ಸುಮ್ಮನಿದ್ದೆವು. ಆ ಕಡೆ ಸ್ಟ್ರೆಚರಿನ ಚಕ್ರದ ಸದ್ದು, ಯಾರೋ ನರ್ಸಮ್ಮನ ಗದರಿಕೆ. ನಾನು ಒಮ್ಮೆ ಕೆಮ್ಮಿದೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಕಾರ್ಡಿನ ರೆಕಾರ್ಡಿಂಗ್ ಹೆಂಗಸು ಇನ್ನೊಂದೇ ನಿಮಿಷ ಉಳಿದಿದೆ ಎಂದಳು, ಲೈನು ಕಡಿಯಿತು. ಆಪರೇಷನ್ ಚೆನ್ನಾಗಿ ಆಯಿತು ಎಂಬ ಸುದ್ದಿ ಮಾರನೆಯ ದಿನ ಅಪ್ಪನ ಮೂಲಕ ಎಲ್ಲರಿಗೂ ಬಂತು. ಆ ಫೋನಿನ ವಿಷಯ ನಾನು ಚಿಕ್ಕಪ್ಪನಿಗೆ ಹೇಳಲೇ ಇಲ್ಲ. ಮಾತೇ ಆಡದ ಫೋನಿನ ಬಗ್ಗೆ ಹೇಳುವುದೇನಿದೆ ಎನಿಸಿತ್ತು.

ಮದುವೆಯಾಯಿತು. ಹೇಮಾ ಚಿಕ್ಕಮ್ಮ ಬಂದಳು. ಗ್ಯಾರೇಜಿಗೆ ಒಂದು ಪರದೆಯೂ ಕನ್ನಡಿಯೂ ಬಂದವು. ಅವಳೆದುರು ನಾನು ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಲಿಲ್ಲ. ಇಲ್ಲಿ ಹುಟ್ಟಿದ ಮಕ್ಕಳು ಹಾಗೇ ಎಂದು ಅವಳೂ ನಂಬಿದಳು. ಅಜ್ಜಿಗೆ ಮಾತ್ರ ಕಿರಿಕಿರಿ, ಏನ್ ಬಂತ್ಲಾ ನಿಂಗೆ, ಯಾಕ್ ಟುಸ್ ಪುಸ್ ಅಂತೀಯ ಎಂದು. ಕುದುರೆ ಸಿನಿಮಾವನ್ನು ಡಿಸ್ಕಿಗೆ ಗೀರು ಬಿದ್ದಿದೆ ಎಂದು ಹೇಳಿ ಶೂ ಸ್ಟ್ಯಾಂಡಿನ ಹಿಂದೆ ಅಡಗಿಸಿದೆ. ಚಿಕ್ಕಪ್ಪ ಕೆಲಸದಿಂದ ಬಂದವನು ಮನೆ ಮುಂದೆ ಕಾರು ನಿಲ್ಲಿಸಿ ಅದರೊಳಗೇ ಅರ್ಧ ಗಂಟೆ ಕೂತಿರುತ್ತಿದ್ದ. ಒಳಗೆ ಬಂದರೆ ಊಟ ಆಯ್ತಾ ಎನ್ನುತ್ತಿದ್ದ. ಎರಡನೆಯ ಪ್ರಶ್ನೆಗೆ ಅವಕಾಶವೇ ಇರಲಿಲ್ಲ. ಆ ವರ್ಷ ನಮ್ಮಲ್ಲಿ ಮಳೆಯೇ ಬರಲಿಲ್ಲ. ಚಿಕ್ಕಮ್ಮ ಎಂಟು ತಿಂಗಳು ಅವನ ಮುಖ ನೋಡಿದಳು. ಒಂದು ಸಂಜೆ ಅಮ್ಮನ ಹತ್ತಿರ, ಕರಿದ ಹಪ್ಪಳ ಡಬ್ಬಿಗೆ ತುಂಬುತ್ತಾ, ತುಂಬಾ ಸಾಧಾರಣವಾಗಿ ಹೇಳಿದಳು:

“ಅಕ್ಕಾ, ಗುರುವಾರಕ್ಕೆ ಟಿಕೆಟ್ ಮಾಡ್ಸಿದೀನಿ. ಊರಿಗೆ ಹೋಗ್ತೀನಿ. ವಾಪಸ್ ಬರೋದು ಇಲ್ಲ ಅನ್ಸುತ್ತೆ.”

“ಸತೀಶ ಏನಂದ?” ಎಂದಳು ಅಮ್ಮ.

“ಹೂಂ ಅಂದ್ರು.”

ಅಮ್ಮ ಡಬ್ಬಿಯ ಮುಚ್ಚಳ ಹಾಕಿದಳು. ನಾನು ಪಕ್ಕದ ಹಾಲ್‌ನಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದವನು ಮುಂದಿನ ಲೆಕ್ಕಕ್ಕೆ ಹೋದೆ. ಆ ಲೆಕ್ಕದ ಉತ್ತರ ಸರಿ ಬಂತು. ಅಷ್ಟು ತಣ್ಣಗಿದ್ದೆ ನಾನು. ಈಗ ಮೂವತ್ತರ ಹತ್ತಿರ ಬಂದು ಇದನ್ನು ಬರೆಯುವಾಗ ಆಗ ನನ್ನ ಎದೆ ಹೊಡೆದುಕೊಂಡಿತು ಎಂದು ಸೇರಿಸಿದರೆ ಓದುವವರಿಗೆ ಚೆನ್ನಾಗಿರುತ್ತದೆ. ಹೊಡೆದುಕೊಳ್ಳಲಿಲ್ಲ.

ಶನಿವಾರ ಬಂತು. ಚಿಕ್ಕಮ್ಮ ಗ್ಯಾರೇಜಿನಲ್ಲಿ ಸೂಟ್‌ಕೇಸು ತುಂಬುತ್ತಿದ್ದಳು. ಮನೆಯಲ್ಲಿ ಏನೋ ನಡೆಯುತ್ತಿದೆ ಎಂಬುದು ಅಜ್ಜಿಯ ಮೂಗಿಗೆ ಬಡಿದಿತ್ತು. ಶೂ ಸ್ಟ್ಯಾಂಡಿನ ಹಿಂದಿನ ಡಿಸ್ಕನ್ನು ತಾನೇ ಹುಡುಕಿ ತಂದು ನನ್ನ ಮುಂದೆ ಹಿಡಿದಳು. ವಸಿ ನಗ್ಸ್ಲಾ ಎಂದಳು. ಹಾಕಿದೆ. ಗ್ಯಾರೇಜಿನ ಬಾಗಿಲು ಮುಚ್ಚಿತ್ತು, ಆದರೂ ಜಾಗ್ರತೆಗೆಂದು ಟೋಪಿಗೌಡನಿಗೆ ಅಪ್ಪನ ದನಿ ಕೊಟ್ಟೆ, ಮಾತನ್ನೂ ಬದಲಿಸಿದೆ. ತೊಟ್ಟಿಯಲ್ಲಿ ಬಿದ್ದು ಎದ್ದ ಟೋಪಿಗೌಡ 'ಅಯ್ಯೋ, ಒದ್ದೆಯಾಯ್ತು' ಎಂದ. ಅಜ್ಜಿ ತಟ್ಟೆ ಕೆಳಗಿಟ್ಟಳು.

“ಅಂಗಲ್ಲ ಕಣ್ಲಾ ಅವ್ನ್ ಹೇಳೋದು. ‘ಬಿದ್ದಿಲ್ಲ ಕಣ್ರೀ’ ಅಂತಾನೆ. ದನೀನೂ ಅದಲ್ಲ. ಸರ್ಯಾಗ್ ಹೇಳು.”

“ಇವತ್ತು ಹಿಂಗೇ ಅಜ್ಜಿ.”

“ಟೋಪಿಗೌಡ ಅಂಗ್ ಪುಕ್ಕಲ್‌ನಂಗ್ ಮಾತಾಡಾಕಿಲ್ಲ. ಹಿಂದಕ್ ತಿರುಗ್ಸು.”

ಹಿಂದಕ್ಕೆ ತಿರುಗಿಸಿದೆ. ಅವನು ಮತ್ತೆ ಬಿದ್ದ, ಮತ್ತೆ ಎದ್ದ. ಚಿಕ್ಕಪ್ಪನ ದನಿಯಲ್ಲಿ ಹೇಳಿದೆ. ಬಿದ್ದಿಲ್ಲ ಕಣ್ರೀ, ನೀರು ಎಷ್ಟಾಳ ಐತೆ ಅಂತ ನೋಡ್ದೆ. ಅಜ್ಜಿ ನಕ್ಕಳು. ಅವಳ ನಗು ಮುಗಿದ ಮೇಲೂ ಕೋಣೆಯಲ್ಲಿ ಇನ್ಯಾರೋ ಇದ್ದಾರೆ ಎನಿಸಿತು. ಸೋಫಾದ ಹಿಂದೆ ಚಿಕ್ಕಮ್ಮ ನಿಂತಿದ್ದಳು, ಕೈಯಲ್ಲಿ ಮಡಿಸಿದ ಸೀರೆ. ಅವಳು ನನ್ನನ್ನಾಗಲೀ ಟಿವಿಯನ್ನಾಗಲೀ ನೋಡುತ್ತಿರಲಿಲ್ಲ.

“ಮುಂದಕ್ಕೆ ಹೇಳು,” ಎಂದಳು.

ಮುಂದಕ್ಕೆ ಹೇಳಿದೆ. ಇನ್ನೇನು ಮಾಡಲಿ. ಮದುವೆಯ ಗಾಡಿ ಓಡುವ ತನಕ ಹೇಳಿದೆ. ಅವಳು ಕೊನೆಯವರೆಗೂ ನಿಂತೇ ಇದ್ದಳು. ಆಮೇಲೆ ಅಡಿಗೆಮನೆಗೆ ಹೋದಳು, ನನ್ನನ್ನು ಕರೆದಳು. ಸಾರಿಗೆ ಒಗ್ಗರಣೆ ಹಾಕುವಾಗ ಹೊಗೆಯ ಅಲಾರಂ ಕೂಗದಂತೆ ಅದರ ಕೆಳಗೆ ನಿಂತು ಟವೆಲ್ ಬೀಸುವುದು ನಮ್ಮ ಮನೆಯಲ್ಲಿ ನನ್ನ ಉದ್ಯೋಗ. ಟವೆಲ್ ಎತ್ತಿಕೊಂಡು ನಿಂತೆ. ಅವಳು ಬೆನ್ನು ತಿರುಗಿಸಿಕೊಂಡೇ ಹೇಳಿದಳು:

“ನಿಂಗೆ ಕನ್ನಡ ಬರುತ್ತೆ.”

“ಸ್ವಲ್ಪ.”

“ಸ್ವಲ್ಪ ಅಲ್ಲ. ಫೋನಲ್ಲಿ ಅವರೆಷ್ಟು, ನೀನೆಷ್ಟು?”

“ಮೊದಲ ಎರಡು ನಿಮಿಷ ಚಿಕ್ಕಪ್ಪ.”

“ಊಟ ಆಯ್ತಾ, ಮಳೆ ಹೇಗೆ.”

“ಹೂಂ.”

“ಆ ಕಪಿ ಅಂತ ಬೈತಿದ್ದಿದ್ದು?”

“ನಾನೇ ನನಗೆ.”

ಸಾಸಿವೆ ಸಿಡಿಯಿತು. ನಾನು ಟವೆಲ್ ಬೀಸಿದೆ. ಅವಳ ಭುಜ ಒಮ್ಮೆ ಅಲುಗಿತು. ನಗುವೋ ಬೇರೇನೋ ತಿಳಿಯಲಿಲ್ಲ.

“ನಂಗೆ ತುಂಬಾ ಮಾತಾಡೋ ಗಂಡಸರು ಆಗಲ್ಲ ಕಣೋ,” ಎಂದಳು. “ಈ ಸಂಬಂಧ ಬೇಡ, ಇವನು ವಟವಟ ಅಂತಾನೆ ಅಂತ ಅಮ್ಮಂಗೆ ಹೇಳಿಯೂ ಆಗಿತ್ತು. ಅಪ್ಪನ ಆಪರೇಷನ್ ದಿನ ಒಂದು ಫೋನ್ ಬಂತು. ಅವತ್ತು ಮನಸ್ಸು ಬದಲಾಯಿಸ್ದೆ. ಇಲ್ಲಿ ಬಂದು ನೋಡಿದ್ರೆ ಇವರು ಬಾಯೇ ಬಿಡಲ್ಲ. ದೂರ ಇದ್ದಾಗ ಅಷ್ಟು ಮಾತಾಡಿದವರು ಹತ್ರ ಬಂದ್ಮೇಲೆ ಸುಮ್ನಾದ್ರು ಅಂದ್ರೆ, ನಾನೇ ಬೇಡ ಆದೆ ಅನ್ಕೊಂಡೆ. ಎರಡು ಸಲ ಆ ಫೋನಿನ ಮಾತೆತ್ತಿದೆ. ಹೂಂ ಅಂದ್ರು.”

ಒಲೆ ಆರಿಸಿದಳು. ಈಗ ತಿರುಗಿದಳು.

“ಆ ದಿನ ಯಾರು?”

ನಾನು ಮೂರು ತಿಂಗಳು ಬೆವರು ಸುರಿಸಿ ಆಡಿದ ಹಾಸ್ಯವೆಲ್ಲ ಮದುವೆ ಮುರಿಯುವ ಕೆಲಸ ಮಾಡಿತ್ತು. ಬಾಯಿ ಮುಚ್ಚಿದ ಇಪ್ಪತ್ತು ನಿಮಿಷ ಅದನ್ನು ಉಳಿಸಿತ್ತು. ಕಲಾವಿದನಿಗೆ ಇದಕ್ಕಿಂತ ಅವಮಾನ ಬೇಕೇ. ಅವಳು ಕಾಯುತ್ತಿದ್ದಳು. ನಾನು ಯಾರ ದನಿಯನ್ನೂ ಹುಡುಕದೆ ಉತ್ತರ ಕೊಟ್ಟೆ. ಕೀರಲಾಗಿ, ನಡುವೆ ಒಡೆದು, ಯಾವ ಊರಿನದೂ ಅಲ್ಲದ ಕನ್ನಡದಲ್ಲಿ ಬಂತು.

“ಚಿಕ್ಕಪ್ಪ.”

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಿದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿ, ಟವೆಲ್ ಇಡು, ಹೊಗೆ ಹೋಯ್ತು ಎಂದಳು.

ನಾನು ನೇರ ಹೊರಗೆ ಹೋದೆ. ಚಿಕ್ಕಪ್ಪ ಎಂದಿನಂತೆ ಮನೆ ಮುಂದೆ ಕಾರಿನೊಳಗೆ, ಎಂಜಿನ್ ಆರಿಸಿ, ಸ್ಟಿಯರಿಂಗ್ ಹಿಡಿದು ಕೂತಿದ್ದ. ಪಕ್ಕದ ಬಾಗಿಲು ತೆಗೆದು ಕೂತೆ.

“ಎಲ್ಲಾ ಗೊತ್ತಾಯ್ತು ಅವರಿಗೆ,” ಎಂದೆ. “ಫೋನಲ್ಲಿ ನಾನೇ ಅಂತ.”

ಅವನು ತಲೆಯಾಡಿಸಿದ, ಆಗಬೇಕಾದದ್ದು ಆಯಿತು ಎನ್ನುವಂತೆ.

“ಒಂದ್ ದಿನ ಮಾತ್ರ ನೀನು ಅಂತ ಹೇಳಿದೀನಿ. ಅವರಪ್ಪನ ಆಪರೇಷನ್ ದಿನ. ನೀನು ಕೆಲಸಕ್ಕೆ ಹೋಗಿದ್ದೆ. ನಾನು ಮಾಡಿದ್ದೆ.”

“ಓ. ಅದಾ ಅವ್ಳು ಕೇಳ್ತಿದ್ದಿದ್ದು.” ಸ್ಟಿಯರಿಂಗಿನಿಂದ ಕೈ ತೆಗೆದು ಕೇಳಿದ, “ಏನಂದೆ ನಾನು?”

ಅವನ ಮುಖದಲ್ಲಿ ಭಯವಿತ್ತು. ನಾನು ಎಂಥ ಉದ್ದುದ್ದ ಮಾತು ಒಪ್ಪಿಸುತ್ತೇನೋ, ಅದನ್ನೆಲ್ಲ ಬಾಯಿಪಾಠ ಮಾಡಬೇಕೋ ಎಂಬ ಭಯ. ಜೇಬಿನಲ್ಲಿ ಪೆನ್ನು ಹುಡುಕುತ್ತಿದ್ದ.

“ಮಾತಾಡ್ಬೇಡಿ, ಸುಮ್ನೆ ಕೂತಿರಿ, ನಾನ್ ಫೋನ್ ಇಡಲ್ಲ ಅಂದೆ.”

“ಆಮ್ಯಾಕೆ?”

“ಆಮೇಲೆ ಏನೂ ಇಲ್ಲ. ಇಪ್ಪತ್ತು ನಿಮಿಷ ಸುಮ್ನಿದ್ದೆ. ಕಾರ್ಡು ಮುಗೀತು.”

“ಏನೂ ಮಾತಾಡ್ನಿಲ್ವಾ?”

“ಒಂದ್ ಸಲ ಕೆಮ್ಮಿದೆ.”

ಅವನು ಪೆನ್ನನ್ನು ಜೇಬಿಗೆ ವಾಪಸು ಸಿಕ್ಕಿಸಿದ. ಗಾಜಿನಾಚೆ ಎದುರು ಮನೆಯವರ ಹುಲ್ಲಿಗೆ ನೀರು ಚಿಮ್ಮುತ್ತಿತ್ತು. ಅದನ್ನೇ ನೋಡುತ್ತಾ ಹೇಳಿದ:

“ಅದು ನಂಗೆ ಬತ್ತದೆ.”

ಕಾರಿನಿಂದ ಇಳಿದು ಒಳಗೆ ಹೋದ. ಅಡಿಗೆಮನೆಯ ಕಿಟಕಿ ರಸ್ತೆಯ ಕಡೆಗಿತ್ತು. ಚಿಕ್ಕಮ್ಮ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಅವನು ಇನ್ನೊಂದು ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತ. ಇಬ್ಬರ ಬಾಯೂ ಅಲ್ಲಾಡಲಿಲ್ಲ. ಗಾಜಿನ ಈಚೆ ಕೂತ ನನ್ನ ತುಟಿ ಅಭ್ಯಾಸಬಲದಿಂದ ತೆರೆಯಿತು, ಮುಚ್ಚಿಕೊಂಡೆ. ಡ್ಯಾಶ್‌ಬೋರ್ಡಿನ ಗಡಿಯಾರ ನೋಡಿದೆ. ಹತ್ತು ನಿಮಿಷವಾಯಿತು, ಹದಿನೈದಾಯಿತು. ಇಪ್ಪತ್ತೈದಾದಾಗ ಕಾರಿನೊಳಗೆ ಸೆಖೆ ತಡೆಯದೆ ಇಳಿದೆ. ಅವನು ಇನ್ನೂ ಎದ್ದಿರಲಿಲ್ಲ. ಗುರುವಾರದ ವಿಮಾನ ಗುರುವಾರವೇ ಹೋಯಿತು. ಚಿಕ್ಕಮ್ಮ ಹೋಗಲಿಲ್ಲ.